ಒಂದೇ ಮನೆಯಲ್ಲಿ ಬಸುರಿ, ಹಾಸಿಗೆ ಹಿಡಿದ ಹಿರಿಯರು: ಹೇಗೆ ನಿಭಾಯಿಸುವುದು?

ಸೊಸೆಗೆ ಐದು ತಿಂಗಳು. ಮಾವನವರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾರೆ. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಅತ್ತೆಗೆ ಮಂಡಿನೋವು. ಇಂಥ ಮನೆಗಳು ನಮ್ಮ ಹಾಸನದ ಕಡೆ ಕಡಿಮೆಯೇನಿಲ್ಲ. ಗಂಜಿ ಕುಡಿಸುವುದು, ಮಾತ್ರೆ ಕೊಡುವುದು, ಬಟ್ಟೆ ಬದಲಿಸುವುದು ಎಲ್ಲವೂ ಮೆಲ್ಲಗೆ ಬಸುರಿಯ ಪಾಲಿಗೆ ಬಂದುಬಿಡುತ್ತವೆ. "ನನಗೇನೂ ಆಗಲ್ಲ, ಮಾಡ್ತೀನಿ ಬಿಡಿ" ಅಂತ ಅವರು ಅಂದರೆ ಮನೆಯವರೂ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ. ಯಾವ ಕೆಲಸ ಯಾರದ್ದು ಅಂತ ಮೊದಲೇ ಮಾತಾಡಿಕೊಂಡರೆ ಇಬ್ಬರ ಆರೈಕೆಯೂ ಚೆನ್ನಾಗಿ ನಡೆಯುತ್ತದೆ.

1. ಎತ್ತುವ ಕೆಲಸ ಬಿಡಿಸಿ

ಮಲಗಿದ್ದಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಈ ಕೆಲಸವನ್ನು ಬಸುರಿ ಮಾಡಬಾರದು. ಬೇರೆಯವರೂ ಒಬ್ಬರೇ ಮಾಡಬಾರದು. ಹಳೆಯ ಬೆಡ್‌ಶೀಟೊಂದನ್ನು ಮಡಚಿ, ರೋಗಿಯ ಭುಜದಿಂದ ತೊಡೆಯವರೆಗೆ ಬರುವ ಹಾಗೆ ಅಡಿಯಲ್ಲಿ ಹಾಸಿಡಿ. ಇಬ್ಬರು ಎರಡೂ ಕಡೆ ನಿಂತು ಬೆಡ್‌ಶೀಟ್ ಹಿಡಿದು ಸರಿಸಿದರೆ ಚರ್ಮ ಉಜ್ಜುವುದಿಲ್ಲ, ಸರಿಸುವವರ ಸೊಂಟಕ್ಕೂ ಪೆಟ್ಟಾಗುವುದಿಲ್ಲ. ಹಗಲಲ್ಲಿ ಇಬ್ಬರು ಸಿಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ನಮ್ಮ ಹಳ್ಳಿಗಳಲ್ಲಿ ಹೀಗೆ ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು ಮಗನ ಕೆಲಸವಾಗಲಿ. ಸೊಸೆ ಮಾಡಿದರೆ ಮಾವನವರಿಗೂ ಮುಜುಗರ, ಸೊಸೆಗೂ ಮುಜುಗರ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ರಾತ್ರಿ ಒಮ್ಮೆ ಮಗನೇ ಮಾಡಲಿ. ಹಗಲಿಗೆ ಡಯಾಪರ್ ಇರಲಿ, ಅದನ್ನು ಬದಲಿಸುವವರು ಯಾರು ಅನ್ನುವುದೂ ಮೊದಲೇ ತೀರ್ಮಾನವಾಗಲಿ.

ಹಾಗಂತ ಸೊಸೆಯನ್ನು ರೋಗಿಯ ಹತ್ತಿರವೇ ಬಿಡಬಾರದು ಅಂತಲ್ಲ. ಮಾತ್ರೆ ಡಬ್ಬಿ ನೋಡಿಕೊಳ್ಳುವುದು, ಕುಳಿತು ಮಾತಾಡಿಸುವುದು, ಊಟ ಮಾಡಿಸುವುದು ಅವರಿಂದ ಆಗುತ್ತದೆ. ಪಾರ್ಶ್ವವಾಯು ಆದವರಿಗೆ ನುಂಗಲು ಕಷ್ಟವಿರಬಹುದು. ಮಲಗಿಸಿಕೊಂಡು ಉಣಿಸಬಾರದು. ಬೇರೆಯವರು ನೆಟ್ಟಗೆ ಕೂರಿಸಿಕೊಡಲಿ. ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು.

2. ರೋಗ ಯಾವುದು ಅಂತ ಹೆರಿಗೆ ಡಾಕ್ಟರಿಗೂ ಹೇಳಿ

ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ. ಮಾವನ ಕಾಯಿಲೆಗೂ ಸೊಸೆಯ ಚೆಕಪ್‌ಗೂ ಏನು ಸಂಬಂಧ ಅನಿಸುತ್ತದೆ. ಸಂಬಂಧ ಇದೆ.

ರೋಗಿಗೆ ಕ್ಯಾನ್ಸರ್ ಕೀಮೋ ನಡೆಯುತ್ತಿದ್ದರೆ, ಅದಾದ ಮೇಲೆ ಕನಿಷ್ಠ 48 ಗಂಟೆ ಅವರ ಮೂತ್ರ, ವಾಂತಿ, ಮಲದಲ್ಲಿ ಔಷಧಿಯ ಅಂಶ ಇರುತ್ತದೆ. ಅದನ್ನು ಬಸುರಿ ಮುಟ್ಟಲೇಬಾರದು. ಬೇರೆಯವರು ಗ್ಲೌಸ್ ಹಾಕಿಕೊಂಡು ತೆಗೆಯಬೇಕು, ಆ ಬಟ್ಟೆಗಳನ್ನು ಬೇರೆ ಒಗೆಯಬೇಕು. ಯಂತ್ರದಿಂದ ಹೊರಗಿನಿಂದ ಕೊಡುವ ರೇಡಿಯೇಷನ್ ಆದರೆ ಭಯ ಬೇಡ, ರೋಗಿಯ ಮೈಯಲ್ಲಿ ಅದು ಉಳಿಯುವುದಿಲ್ಲ. ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ (ಮೈಯೊಳಗಿಂದಲೇ ರೇಡಿಯೇಷನ್ ಸೂಸುವ ಔಷಧಿ) ಕೊಟ್ಟಿದ್ದರೆ ಮಾತ್ರ ಡಾಕ್ಟರು ಹೇಳಿದಷ್ಟು ದಿನ ದೂರ ಇರಬೇಕು.

ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್‌ಗೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಗೊತ್ತಲ್ವಾ? ಅವು ಒಡೆದಿದ್ದರೆ, ಪುಡಿಯಾಗಿದ್ದರೆ ಬಸುರಿ ಕೈಯಲ್ಲಿ ಮುಟ್ಟಬಾರದು. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಅದರ ಬೆಳವಣಿಗೆಗೆ ತೊಂದರೆಯಾಗಬಹುದು. ನುಂಗಲಾಗದ ರೋಗಿಗೆ ಮಾತ್ರೆ ಪುಡಿ ಮಾಡಿ ಕೊಡುವ ಮನೆಗಳಲ್ಲಿ ಇದು ನೆನಪಿರಲಿ. ಸರ್ಪಸುತ್ತು ಬಂದವರ ಗುಳ್ಳೆಗಳಿಂದಲೂ ದೂರ ಇರಬೇಕು, ಅದರಲ್ಲೂ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಾರದಿದ್ದವರು. ಟಿ.ಬಿ. ಇದ್ದರೆ ಮುಚ್ಚಿಡಬೇಡಿ. ಬಸುರಿಗೂ ಪರೀಕ್ಷೆ ಬೇಕಾಗಬಹುದು, ಹುಟ್ಟುವ ಮಗುವಿಗೂ ಮುಂಜಾಗ್ರತೆ ಬೇಕು.

3. ಎರಡು ಚೀಲ, ಒಂದು ಕ್ಯಾಲೆಂಡರ್

ಬಸುರಿಯ ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ರೋಗಿಯ ಚೀಲದಲ್ಲಿ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್. ಬಿಪಿಎಲ್ ಕುಟುಂಬಕ್ಕೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎರಡೂ ಚೀಲ ಬಾಗಿಲ ಹತ್ತಿರದ ಮೊಳೆಯಲ್ಲಿ ತೂಗಲಿ.

ಕ್ಯಾಲೆಂಡರ್‌ನಲ್ಲಿ ಇಬ್ಬರ ತಾರೀಕೂ ಬರೆಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ರೋಗಿಗೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಇದ್ದರೆ ಅದು 9ನೇ ತಾರೀಕಿಗೆ ಬೀಳುತ್ತದಾ ಅಂತ ಮುಂಚೆಯೇ ನೋಡಿ. ಬಿದ್ದರೆ ಮುಂದಕ್ಕೆ ಹೋಗುವುದು ಯಾವಾಗಲೂ ಬಸುರಿಯ ಚೆಕಪ್ಪೇ. ಹಾಗಾಗಬಾರದು. ಅವತ್ತು ಜೊತೆಗೆ ಹೋಗಲು ಆಶಾ ಕಾರ್ಯಕರ್ತೆಯನ್ನೋ ನಾದಿನಿಯನ್ನೋ ಕೇಳಿ.

4. ಅಡುಗೆ ಒಂದೇ, ಬಡಿಸುವುದು ಬೇರೆ

ಇಬ್ಬರಿಗೂ ಬೇರೆ ಬೇರೆ ಅಡುಗೆ ಮಾಡಲು ಹೋದರೆ ದಿನವಿಡೀ ಒಲೆ ಮುಂದೆಯೇ ಆಗುತ್ತದೆ. ಸಾರಿಗೆ ಉಪ್ಪು ಹಾಕುವ ಮೊದಲು ಬಿಪಿ ಇರುವವರ ಪಾಲು ತೆಗೆದಿಡಿ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು, ಬಾಳೆಹಣ್ಣು ಡಾಕ್ಟರನ್ನು ಕೇಳದೆ ಕೊಡಬೇಡಿ. ಬಸುರಿಗೆ ತಂದಿದ್ದು ಅಂತ ಅವರಿಗೂ ಒಂದು ಲೋಟ ಕೊಟ್ಟುಬಿಡುವುದು ನಮ್ಮಲ್ಲಿ ಮಾಮೂಲಿ. ಇನ್ನು ಕಾಫಿ. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ನಡುವೆ ಒಂದೆರಡು ಗಂಟೆ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು.

5. ಎರಡೂ ಒಂದೇ ರಾತ್ರಿ ಬಂದರೆ?

ಇದನ್ನು ಮಾತಾಡಲು ಮನೆಯವರು ಹೆದರುತ್ತಾರೆ, ಅಪಶಕುನ ಅನ್ನುತ್ತಾರೆ. ಆದರೂ ಏಳನೇ ತಿಂಗಳು ಮುಗಿಯುವುದರೊಳಗೆ ಒಂದು ದಿನ ಕೂತು ಮಾತಾಡಿ. ಸೊಸೆಗೆ ನೋವು ಶುರುವಾದರೆ ಜೊತೆಗೆ ಹೋಗುವವರು ಯಾರು? ರೋಗಿಯ ಹತ್ತಿರ ಉಳಿಯುವವರು ಯಾರು? ಹೋಗುವವರು ಬಾರದಿದ್ದರೆ ಎರಡನೆಯವರು ಯಾರು? ಹೆಸರು, ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104.

ಬಸುರಿಗೆ ರಕ್ತ ಹೋದರೆ, ನೀರು ಒಡೆದರೆ, ತಲೆ ಸಿಡಿಯುವ ಹಾಗೆ ನೋವು ಬಂದು ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ಮಗು ಆಡುವುದು ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬಾರದು. ಹಿರಿಯರ ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದೂ ಅಷ್ಟೇ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ರಾತ್ರಿಯೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಸಕಲೇಶಪುರ, ಮೂಡಿಗೆರೆ, ಕಳಸದ ಕಡೆಯವರಿಗೆ ದಾರಿಯೇ ದೊಡ್ಡ ಚಿಂತೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಆದರೆ ತೋಟದ ಮನೆಯಿಂದ ಟಾರು ರಸ್ತೆಗೆ ಬರುವುದೇ ಕಷ್ಟ. ಜೂನ್‌ನಿಂದ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಕಡೆ ರಾತ್ರಿ ಆನೆ ಕಾಟ ಬೇರೆ. ಹೆರಿಗೆ ತಾರೀಕು ಮಳೆಗಾಲದಲ್ಲಿ ಬಿದ್ದಿದ್ದರೆ ಎರಡು ವಾರ ಮುಂಚೆಯೇ ಪೇಟೆಯ ನೆಂಟರ ಮನೆಗೆ ಹೋಗಿ ಇರುವುದು ಒಳ್ಳೆಯದು.

6. ಬಾಣಂತನ ಎಲ್ಲಿ?

ಮೊದಲ ಹೆರಿಗೆ ತವರಲ್ಲಿ ಅನ್ನುವುದು ನಮ್ಮ ರೂಢಿ. ಮಾವನವರು ಮಲಗಿರುವಾಗ ಹೇಗೆ ಹೋಗಲಿ ಅಂತ ಸೊಸೆ ಹಿಂಜರಿಯುತ್ತಾರೆ. ಹೋಗಲಿ ಬಿಡಿ. ಅವರಿಗೂ ನಿದ್ದೆ ಬೇಕು. ತಾಯಿ ಕಾರ್ಡ್ ತೆಗೆದುಕೊಂಡು ಹೋಗಲಿ, ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ತಿಳಿಸಲಿ.

ಕಷ್ಟವಾಗುವುದು ಕಾಯಿಲೆ ಬಿದ್ದವರು ಹುಡುಗಿಯ ಅಮ್ಮನೇ ಆದಾಗ. ಅಂಥ ತವರಿಗೆ ಕಳಿಸಿದರೆ ಬಾಣಂತಿಯೇ ಅಮ್ಮನ ಸೇವೆ ಮಾಡುವಂತಾಗುತ್ತದೆ. ಆಗ ಬಾಣಂತನ ಅತ್ತೆಮನೆಯಲ್ಲೇ ಆಗಲಿ. ಈ ಮಾತು ಅತ್ತೆಯ ಬಾಯಿಂದಲೇ, ಸೀಮಂತಕ್ಕೆ ಮೊದಲೇ ಬಂದರೆ ಆ ಅಮ್ಮನಿಗೆ ಎಷ್ಟೋ ಸಮಾಧಾನ. ಮಗಳ ಬಾಣಂತನ ಮಾಡಲಾಗಲಿಲ್ಲ ಅನ್ನುವ ಸಂಕಟ ಕಾಯಿಲೆಗಿಂತ ಜಾಸ್ತಿ ಅವರನ್ನು ತಿನ್ನುತ್ತಿರುತ್ತದೆ. ಬಾಣಂತಿಗೆ ನೀರು ಹಾಕಲು, ಮಗು ನೋಡಿಕೊಳ್ಳಲು ಗೊತ್ತಿರುವ ಹೆಂಗಸೊಬ್ಬರನ್ನು ಒಂದೆರಡು ತಿಂಗಳಿಗೆ ಗೊತ್ತುಮಾಡಿ. ಮಗುವನ್ನು ಅಜ್ಜಿಗೆ ತೋರಿಸಿಕೊಂಡು ಬರುವುದು ಅಳಿಯನ ಜವಾಬ್ದಾರಿ.

7. ಮಗು ಬಂದ ಮೇಲೆ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡುತ್ತಾರೆ. ಮನೆಯಲ್ಲಿ ರೋಗಿ ಇರುವುದನ್ನು ಅವರಿಗೂ ಹೇಳಿ. ರೋಗಿಯನ್ನು ನೋಡಿಕೊಂಡವರು ಸೋಪು ಹಾಕಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಲಿ. ಅಂಟುವ ಕಾಯಿಲೆ ಇಲ್ಲದಿದ್ದರೆ ಮಗುವನ್ನು ಅಜ್ಜನ ಪಕ್ಕದಲ್ಲಿ ಮಲಗಿಸಲು ಹೆದರಬೇಕಿಲ್ಲ, ಯಾರಾದರೂ ಜೊತೆಯಲ್ಲಿ ಕೂತಿದ್ದರೆ ಸಾಕು. ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ, ಎರಡು ವಾರ ಕಳೆದರೂ ಮಂಕಾಗಿಯೇ ಇದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ಉಚಿತ. ರಾತ್ರಿಯೆಲ್ಲ ರೋಗಿಯ ಹತ್ತಿರ ಎದ್ದಿರುವ ಮಗನಿಗೂ ಆ ನಂಬರ್ ಬೇಕಾಗಬಹುದು. ಗೋಡೆಯ ಮೇಲಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿ.