ಗಂಡುನಾಯಿಗೆ ಆಪರೇಷನ್ ಮಾಡಿಸಿದ ಮೇಲೆ ಮನೆಯಲ್ಲಿ ಗಮನಿಸಬೇಕಾದದ್ದು

ಗಂಡುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದವರು ಎರಡು ಮೂರು ದಿನ ಕಳೆಯುವಷ್ಟರಲ್ಲಿ ಗಾಬರಿಯಿಂದ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಡಾಕ್ಟರು ಬೀಜ ತೆಗೆದೇ ಇಲ್ಲವೇನೋ, ಚೀಲ ಇನ್ನೂ ತುಂಬಿಕೊಂಡೇ ಇದೆಯಲ್ಲ?’ ಸಾಮಾನ್ಯವಾಗಿ ವೈದ್ಯರು ಚೀಲದ ಮುಂದಿನ ಚರ್ಮವನ್ನು ಸ್ವಲ್ಪವೇ ಕೊಯ್ದು, ಎರಡೂ ವೃಷಣಗಳನ್ನು ಆ ದಾರಿಯಲ್ಲೇ ಹೊರತೆಗೆದು, ರಕ್ತನಾಳಗಳನ್ನು ಕಟ್ಟಿ ಹೊಲಿಗೆ ಹಾಕುತ್ತಾರೆ. ಚೀಲ ಹಾಗೆಯೇ ಉಳಿಯುತ್ತದೆ. ಖಾಲಿಯಾದ ಆ ಚೀಲ ಕೆಲವು ದಿನ ತುಸು ಊದಿಕೊಂಡಿದ್ದು ಆಮೇಲೆ ತಾನಾಗಿಯೇ ಕುಗ್ಗುವುದು ಸಹಜ. ಆದರೆ ಬೆಳಿಗ್ಗೆ ನೋಡಿದ್ದಕ್ಕಿಂತ ಸಂಜೆಗೆ ಬಾವು ದೊಡ್ಡದಾಗಿ, ಚರ್ಮ ಬಿಗಿದು ನೇರಳೆ ಬಣ್ಣಕ್ಕೆ ತಿರುಗಿ, ನಾಯಿ ಕೂರುವುದಕ್ಕೂ ಹಿಂಜರಿಯುತ್ತಿದ್ದರೆ ಒಳಗೆ ರಕ್ತ ಶೇಖರವಾಗುತ್ತಿದೆಯೆಂದು ತಿಳಿದು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈ ತೊಂದರೆಗೆ ಮುಖ್ಯ ಕಾರಣ ಓಡಾಟ. ಔಷಧದ ಅಮಲು ಇಳಿದ ಮರುದಿನವೇ ಎಳೆಯ ನಾಯಿ ಏನೂ ಆಗಿಲ್ಲವೆಂಬಂತೆ ಜಗಲಿಯಿಂದ ಹಾರುತ್ತದೆ, ಗೇಟಿನ ಬಳಿ ಯಾರಾದರೂ ಬಂದರೆ ಎದ್ದುಬಿದ್ದು ಓಡುತ್ತದೆ. ಆ ಎಳೆತಕ್ಕೆ ಒಳಗಿನ ಸಣ್ಣ ರಕ್ತನಾಳಗಳು ಮತ್ತೆ ಒಸರುತ್ತವೆ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು 10ರಿಂದ 14 ದಿನ, ಹಗ್ಗ ಹಿಡಿದು ಮಲಮೂತ್ರಕ್ಕಷ್ಟೇ ಹೊರಗೆ ಕರೆದೊಯ್ಯುವುದು ಒಳ್ಳೆಯದು. ಸ್ನಾನವಂತೂ ಅಷ್ಟು ದಿನ ಬೇಡವೇ ಬೇಡ.

ಇನ್ನು ನಾಲಿಗೆಯ ವಿಚಾರ. ನಾಯಿಯ ನಾಲಿಗೆಯಲ್ಲೇ ಔಷಧವಿದೆ, ನೆಕ್ಕಿಕೊಂಡು ವಾಸಿಮಾಡಿಕೊಳ್ಳಲಿ ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಹೊಲಿಗೆ ಹಾಕಿದ ಗಾಯದ ಮಟ್ಟಿಗೆ ಈ ನಂಬಿಕೆ ಮಾಡುವಷ್ಟು ಹಾನಿಯನ್ನು ಬೇರಾವುದೂ ಮಾಡುವುದಿಲ್ಲ. ಒಂದು ರಾತ್ರಿ ಬಿಡದೆ ನೆಕ್ಕಿದರೆ ಸಾಕು, ಹೊಲಿಗೆ ಸಡಿಲಗೊಂಡು, ಗಾಯದ ಅಂಚು ಕೆಂಪಾಗಿ ಬಾಯಿಬಿಟ್ಟು, ಕೀವಾಗುವುದಕ್ಕೆ ದಾರಿಯಾಗುತ್ತದೆ. ವೈದ್ಯರು ಕೊಡುವ ಪ್ಲಾಸ್ಟಿಕ್ ಕೋನನ್ನು ಕೊರಳಿಗೆ ಹಾಕಿದಾಗ ನಾಯಿ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾ ಮುಖ ಬಾಡಿಸಿಕೊಂಡು ನಿಲ್ಲುವುದನ್ನು ನೋಡಲಾಗದೆ ಮನೆಯ ಮಕ್ಕಳು ಅದನ್ನು ಬಿಚ್ಚಿಬಿಡುತ್ತಾರೆ. ಬಿಚ್ಚಬಾರದು. ಊಟದ ಹೊತ್ತಿಗೆ ಮಾತ್ರ, ಅದೂ ಯಾರಾದರೂ ಎದುರಿಗೆ ಕುಳಿತಿದ್ದರೆ, ತೆಗೆದು ಮತ್ತೆ ಹಾಕಬಹುದು.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಅಥವಾ ಬೂದಿ ಹಚ್ಚುವುದು ಬೇಡ. ಅವು ಗಾಯಕ್ಕೆ ಕೊಳೆ ಹಿಡಿಸುತ್ತವೆ, ಎಣ್ಣೆಯ ವಾಸನೆ ನಾಯಿಯನ್ನು ಮತ್ತಷ್ಟು ನೆಕ್ಕುವಂತೆ ಮಾಡುತ್ತದೆ. ನಮ್ಮ ಹವೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ತೆರೆದ ಗಾಯದ ಮೇಲೆ ನೊಣ ಕುಳಿತರೆ ಒಂದೆರಡು ದಿನದಲ್ಲೇ ಹುಳು ಬೀಳಬಹುದಾದ್ದರಿಂದ, ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿಹಾಕದೆ ಒಳಗೆ ಒಗೆದ ಹಳೆಯ ಸೀರೆಯನ್ನೋ ಚಾದರವನ್ನೋ ಹಾಸಿ ಮಲಗಿಸಬೇಕು. ದಿನಕ್ಕೆ ಎರಡು ಬಾರಿ ಬೆಳಕಿನಲ್ಲಿ ಗಾಯವನ್ನು ನೋಡಿದರೆ ಸಾಕು. ಅಂಚುಗಳು ಒಂದಕ್ಕೊಂದು ಕೂಡಿಕೊಂಡು ಒಣಗಿದ್ದರೆ ಸರಿ. ದುರ್ವಾಸನೆ, ಹಳದಿ ಕೀವು ಅಥವಾ ನಿಲ್ಲದೆ ತೊಟ್ಟಿಕ್ಕುವ ರಕ್ತ ಕಂಡರೆ ಕಾಯಬಾರದು.

ನೋವಿಗೆಂದು ಮನೆಯ ಡಬ್ಬಿಯಲ್ಲಿರುವ ಮಾತ್ರೆಯನ್ನು ಕೊಡಲೇಬಾರದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ವೈದ್ಯರು ತೂಕ ನೋಡಿ ಬರೆದುಕೊಟ್ಟದ್ದನ್ನು ಹೇಳಿದಷ್ಟು ದಿನ ಕೊಡಬೇಕು.

ಮೊದಲ ರಾತ್ರಿ ನಾಯಿ ತೂರಾಡುವುದು, ಊಟ ಬಿಡುವುದು, ಉಸಿರಿಗಾಗಿ ಗಂಟಲಲ್ಲಿ ಹಾಕಿದ್ದ ಕೊಳವೆಯಿಂದಾಗಿ ಒಂದೆರಡು ದಿನ ಒಣಕೆಮ್ಮು ಕೆಮ್ಮುವುದು ಹೆದರಬೇಕಾದ ಸಂಗತಿಗಳಲ್ಲ. ಪೂರ್ತಿ ಎಚ್ಚರವಾದ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು, ವಾಂತಿಯಾಗದಿದ್ದರೆ ಉಪ್ಪು, ಈರುಳ್ಳಿ ಹಾಕದ ಮೆತ್ತನೆಯ ಅನ್ನವನ್ನು ಎಂದಿನದರ ಅರ್ಧದಷ್ಟು ಹಾಕಿದರೆ ಸಾಕು. ಮರುದಿನ ಸಂಜೆಯಾದರೂ ಏಳದೆ ಮುದುಡಿ ಮಲಗಿದ್ದರೆ ತುಟಿಯನ್ನು ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ: ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಒಸಡೇ ಬಿಳಿಚಿಕೊಂಡಿದ್ದರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು, ಬೆಳಗಾಗುವವರೆಗೂ ಕಾಯುವ ಹಾಗಿಲ್ಲ. ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜವಾದ್ದರಿಂದ ಮೈ ಬಿಸಿ ಎಂದು ಸುಮ್ಮನೆ ಹೆದರಬೇಕಿಲ್ಲ. ಥರ್ಮಾಮೀಟರು 103 ದಾಟಿದರೆ ಡಾಕ್ಟರಿಗೆ ತಿಳಿಸಿ.

ಗಾಯ ಮಾಗಿದ ಮೇಲೂ ಒಂದು ತಿಂಗಳು, ಬೇಕಾದರೆ ಇನ್ನೂ ಎರಡು ವಾರ, ಬೆದೆಗೆ ಬಂದ ಹೆಣ್ಣುನಾಯಿಯ ಬಳಿ ಬಿಡಬಾರದು. ನಾಳದಲ್ಲಿ ಉಳಿದ ವೀರ್ಯದಿಂದ ಗರ್ಭ ನಿಲ್ಲುವ ಸಾಧ್ಯತೆ ಅಲ್ಲಿಯವರೆಗೂ ಇರುತ್ತದೆ. ಆಮೇಲೆ ಬರುವುದು ಬೊಜ್ಜು, ಅದು ಸದ್ದಿಲ್ಲದೆ ಬರುತ್ತದೆ. ದೇಹಕ್ಕೆ ಬೇಕಾಗುವ ಆಹಾರದ ಪ್ರಮಾಣ ಕಡಿಮೆಯಾಗಿ ಹಸಿವು ಮಾತ್ರ ಹೆಚ್ಚುವುದರಿಂದ, ತಟ್ಟೆಗೆ ಹಾಕುವುದನ್ನು ಕಾಲುಭಾಗದಷ್ಟು ಇಳಿಸಿ, ತಿಂಗಳಿಗೊಮ್ಮೆ ಪಕ್ಕೆಯ ಮೇಲೆ ಕೈಯಾಡಿಸಿ ಎಲುಬು ಸುಲಭವಾಗಿ ಬೆರಳಿಗೆ ಸಿಗುತ್ತದೆಯೇ ಎಂದು ನೋಡಿ, ಸಿಗದಿದ್ದರೆ ಇನ್ನೂ ಸ್ವಲ್ಪ ಇಳಿಸಬೇಕು.