ಬೆಸುಗೆಯ ಪಕ್ಕದ ಎರಡು ಮಿಲಿಮೀಟರ್

ಗ್ಯಾಸ್ ಪೈಪ್‌ಲೈನ್ ಕೆಲಸ ಶುರು ಮಾಡುವ ಮೊದಲು ವೆಲ್ಡಿಂಗ್ ವಿಧಾನ ಟೆಸ್ಟ್‌ನಲ್ಲಿ ಪಾಸಾಗಬೇಕು. ನಾನು ಎಕ್ಸ್70 ದರ್ಜೆಯ ಉಕ್ಕಿನ ಪೈಪಿನಲ್ಲಿ ಎರಡು ಬಗೆಯ ಜಾಯಿಂಟ್ ಹಾಕಿಸಿ ನೋಡಿದೆ. ಒಂದು ಪೂರ್ತಿ ಸೆಲ್ಯುಲೋಸಿಕ್ (ಲೇಪದಲ್ಲಿ ಸೆಲ್ಯುಲೋಸ್ ಇರುವ) ರಾಡ್‌ನಲ್ಲಿ: ರೂಟ್‌ಗೆ (ತಳದ ಮೊದಲ ಪದರಕ್ಕೆ) 6010 ರಾಡ್, ಮೇಲಿನದಕ್ಕೆಲ್ಲ 8010. ಇನ್ನೊಂದರಲ್ಲಿ ರೂಟ್ ಮಾತ್ರ 6010, ಮೇಲಕ್ಕೆ ಕಡಿಮೆ ಹೈಡ್ರೋಜನ್‌ನ 8045.

ಎಕ್ಸ್70ರ ಯೀಲ್ಡ್ ಬಲ (ಉಕ್ಕು ಮರಳಿ ಸರಿಯಾಗದಂತೆ ಹಿಗ್ಗತೊಡಗುವ ಮಿತಿ) ಕನಿಷ್ಠ 485 ಮೆಗಾಪಾಸ್ಕಲ್. ಕಾರ್ಬನ್ ಜಾಸ್ತಿ ಹಾಕಿ ತಂದ ಬಲ ಅಲ್ಲ ಅದು. ಚಿಟಿಕೆಯಷ್ಟು ನಯೋಬಿಯಂ ಬೆರೆಸಿ, ಉಷ್ಣತೆ ನೋಡಿಕೊಂಡು ರೋಲ್ ಮಾಡಿ, ಉಕ್ಕಿನ ಕಣಗಳನ್ನು ಸಣ್ಣದಾಗಿಸಿ ತಂದದ್ದು. ಆರ್ಕ್‌ನ ಶಾಖಕ್ಕೆ ಬೆಸುಗೆಯ ಪಕ್ಕದ ಕಣಗಳು ಮತ್ತೆ ದಪ್ಪಗಾಗುತ್ತವೆ. ಸೈಟಿನಲ್ಲಿ ಇನ್ನೊಮ್ಮೆ ರೋಲ್ ಮಾಡೋಕಾಗಲ್ಲ ಅಲ್ವಾ?

ಹಾಗಾಗಿ ಕರೆಂಟ್ ಒಂದನ್ನೇ ನೋಡಿದರೆ ಸಾಲದು, ಕೈಯ ವೇಗವನ್ನೂ ನೋಡಬೇಕು. 24 ವೋಲ್ಟ್, 150 ಆಂಪಿಯರ್, ನಿಮಿಷಕ್ಕೆ 200 ಮಿ.ಮೀ. ಹೋದರೆ ಪ್ರತಿ ಮಿಲಿಮೀಟರಿಗೆ 1.08 ಕಿಲೋಜೂಲ್ ಶಾಖ. ಅದೇ ಕರೆಂಟಿನಲ್ಲಿ ವೇಗ 150ಕ್ಕೆ ಇಳಿದರೆ 1.44. ಶಾಖ ಜಾಸ್ತಿಯಾದರೆ ಕಣ ದಪ್ಪ, ಪೆಟ್ಟು ತಡೆಯುವ ಗುಣ ಕಡಿಮೆ. ಶಾಖ ತೀರಾ ಕಡಿಮೆಯಾದರೆ ಬೇಗ ಆರಿ ಗಡುಸಾಗುತ್ತದೆ. ಆ ಗಡುಸು ಜಾಗಕ್ಕೆ ಹೈಡ್ರೋಜನ್ ಸೇರಿದರೆ ಬಿರುಕು. ಅದೂ ಎಷ್ಟೋ ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು.

ಜಾಯಿಂಟ್‌ಗಳನ್ನು ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ನೈಟಲ್ (ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿದೆ. ಬೆಸುಗೆಯ ಅಂಚಿಗೆ ಅಂಟಿಕೊಂಡಂತೆ ಸುಮಾರು ಎರಡು ಮಿ.ಮೀ. ಅಗಲದ ಕಪ್ಪು ಪಟ್ಟಿ ಬರಿಗಣ್ಣಿಗೇ ಕಂಡಿತು. ಒಂದು ಪಾಸಿನ (ಬೆಸುಗೆಯ ಒಂದು ಪದರದ) ಮೇಲೆ ಇನ್ನೊಂದು ಬಿದ್ದಲ್ಲಿ, ಕೆಳಗಿನ ಪದರ ಮತ್ತೆ ಕಾದು ಕಣ ಸಣ್ಣಗಾಗಿತ್ತು. ಕ್ಯಾಪಿನ (ಕೊನೆಯ ಮೇಲ್ಪದರದ) ಮೇಲೆ ಇನ್ನೊಂದು ಪಾಸ್ ಬೀಳುವುದಿಲ್ಲ, ಹಾಗಾಗಿ ಗಡುಸು ಅಳೆಯುವಾಗ ಅದರ ಅಂಚನ್ನು ನಾನು ಬಿಡುವುದೇ ಇಲ್ಲ.

ಎಳೆದು ನೋಡುವ ಟೆಸ್ಟ್‌ನಲ್ಲಿ ಎರಡೂ ಜಾಯಿಂಟ್ ಬೆಸುಗೆ ಬಿಟ್ಟು ಪೈಪಿನ ಕಡೆಯೇ ತುಂಡಾದವು. ಸುಮ್ನೆ ಅಷ್ಟಕ್ಕೇ ಸಮಾಧಾನ ಪಡಬಾರದು. ಪೆಟ್ಟು ಕೊಟ್ಟು ಮುರಿದು ನೋಡುವ ಚಾರ್ಪಿ ಟೆಸ್ಟ್‌ನಲ್ಲಿ 8045 ಬೆಸುಗೆ ಸ್ಪಷ್ಟವಾಗಿ ಮುಂದಿತ್ತು. ಸೆಲ್ಯುಲೋಸಿಕ್ ರಾಡ್‌ನಿಂದ 100 ಗ್ರಾಂ ಬೆಸುಗೆಗೆ 30 ಮಿ.ಲೀ.ಗೂ ಜಾಸ್ತಿ ಹೈಡ್ರೋಜನ್ ಸೇರಬಹುದು. 8045ರಲ್ಲಿ ಅದು ಬಹಳ ಕಡಿಮೆ. ಹಾಗಂತ 6010 ಬೇಡ ಅನ್ನಲಾರೆ. ಫಿಟ್-ಅಪ್ (ಪೈಪಿನ ತುದಿಗಳ ಜೋಡಣೆ) ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ರೂಟ್‌ನಲ್ಲಿ ಚೆನ್ನಾಗಿ ಒಳಗಿಳಿಯುತ್ತದೆ. ಆದರೆ ರೂಟ್ ಆರುವ ಮೊದಲೇ ಹಾಟ್ ಪಾಸ್ (ಎರಡನೆಯ ಪದರ) ಬೀಳಲೇಬೇಕು, ಹೈಡ್ರೋಜನ್ ಹೊರಹೋಗಲು ಅದೇ ದಾರಿ.

ಇನ್ನೊಂದು ಮಾತು. 8045 ರಾಡ್ ಓವನ್‌ನಲ್ಲೇ ಬಿಸಿಯಾಗಿರಬೇಕು, ಕರಾವಳಿಯ ಮಳೆಗಾಲದಲ್ಲಂತೂ ಖಂಡಿತ. 6010 ಮಾತ್ರ ಓವನ್‌ಗೆ ಹಾಕಲೇಬಾರದು, ಅದರ ಲೇಪದಲ್ಲಿ ತೇವ ಇದ್ದರೇ ಆರ್ಕ್ ಸರಿಯಾಗಿ ನಡೆಯುವುದು. ಲೈನಿನ ಎರಡು ಭಾಗಗಳನ್ನು ಕೂಡಿಸುವ ಟೈ-ಇನ್ ಜಾಯಿಂಟ್‌ಗಳಲ್ಲಿ ಪೈಪ್ ಎರಡೂ ಕಡೆ ಬಿಗಿಯಾಗಿ ಹಿಡಿದಿರುತ್ತದೆ. ಅಲ್ಲಿಗೆ ನಾನು ಬರೆದುಕೊಟ್ಟದ್ದು ಎರಡನೆಯ ವಿಧಾನ, 100 ಡಿಗ್ರಿ ಪ್ರೀಹೀಟ್ (ಬೆಸೆಯುವ ಮೊದಲು ಪೈಪ್ ಕಾಯಿಸುವುದು) ಜೊತೆಗೆ.