ಮೊಮ್ಮಗಳ ಜೊತೆ ಮಳೆ ಅಳೆದಿದ್ದು

ನಮ್ದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಇಲ್ಲಿ ಬೆಳಗ್ಗೆ ಯಾರಿಗೆ ಫೋನ್ ಮಾಡಿದ್ರೂ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು" ಅಂತ, 100 ಸೆಂಟ್ ಅಂದ್ರೆ 1 ಇಂಚು ಮಳೆ. ಏಪ್ರಿಲ್ ರಜೆಗೆ ಬಂದಿದ್ದ ಮೊಮ್ಮಗಳು ಇದನ್ನ ಕೇಳಿ "ಅಜ್ಜಾ, ನೀರನ್ನ ಲೀಟರಲ್ಲಿ ಅಲ್ವಾ ಅಳೆಯೋದು" ಅಂದ್ಲು. ಮಳೆ ಅಳೆಯೋ ನಮ್ಮ ಹಳೇ ರೇನ್ ಗೇಜ್ ಒಡೆದು ಹೋಗಿತ್ತು, ಸರಿ ನಾವೇ ಒಂದು ಮಾಡಣ ಬಾ ಅಂದೆ.

3 ಇಂಚು ಅಗಲದ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಸ್ಪ್ರೇಯರ್‌ಗೆ ಔಷಧಿ ಹಾಕೋ ದೊಡ್ಡ ಲಾಳಿಕೆ ಇಟ್ವಿ. ಅವತ್ತು ರಾತ್ರಿನೇ ಗುಡುಗು ಮಳೆ. ಬೆಳಗ್ಗೆ ಸ್ಕೇಲ್ ಹಿಡಿದ್ರೆ 1 ಇಂಚು 12 ಸೆಂಟ್! ಕಾಫಿ ಹೂ ಅರಳಿಸೋ "ಹೂವಿನ ಮಳೆ" ಆಯ್ತು ಅಂತ ಖುಷೀಲಿ ಪಕ್ಕದ ತೋಟದವರಿಗೆ ಫೋನ್ ಮಾಡಿದೆ, ಅವರು "ಇಲ್ಲ ಮಾರಾಯ್ರೆ, ನಮ್ಮಲ್ಲಿ ಬರೀ 28 ಸೆಂಟ್" ಅಂದ್ರು. ಬೇಲಿ ಆಚೆ ಇಷ್ಟು ವ್ಯತ್ಯಾಸ ಹೇಗೆ?

ಹುಡುಗಿ ಸುಮ್ಮನೆ ಲಾಳಿಕೆನೇ ನೋಡ್ತಾ ನಿಂತ್ಲು. "ಇದರ ಬಾಯಿ ದೊಡ್ಡದು ಅಜ್ಜಾ, ಜಾಸ್ತಿ ಮಳೆ ಹಿಡಿದು ಸಣ್ಣ ಡಬ್ಬಿಗೆ ತುಂಬಿದೆ." ನಂಗೆ ಮೈ ಜುಂ ಅಂತು. ಎರಡನ್ನೂ ಪೇಪರ್ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದು, ಒಳಗೆ ಕಾಫಿ ಬೀಜ ಒತ್ತೊತ್ತಾಗಿ ಒಂದೇ ಪದರ ಜೋಡಿಸಿದ್ವಿ. ಡಬ್ಬಿ ವೃತ್ತಕ್ಕೆ 63 ಬೀಜ, ಲಾಳಿಕೆಗೆ 250. ಅಗಲ ಎರಡರಷ್ಟು (6 ಇಂಚು), ಜಾಗ ಮಾತ್ರ ನಾಲ್ಕರಷ್ಟು. 112ನ್ನ 4ರಿಂದ ಭಾಗಿಸು ಅಂದೆ, ಬೆರಳಲ್ಲೇ ಲೆಕ್ಕ ಹಾಕಿ "28!" ಅಂತ ಕೂಗಿದ್ಲು.

ಆಮೇಲೆ ಸರಿಯಾಗಿ ಮಾಡಿದ್ವಿ. ನೇರ ಗೋಡೆ ಇರೋ ಬಾಟಲಿಯ ಮೇಲ್ಭಾಗ ಕತ್ತರಿಸಿ ಅದನ್ನೇ ತಲೆಕೆಳಗಾಗಿ ಕೂರಿಸಿದ್ರೆ ಬಾಯಿ ಅಳತೆ ಹೆಚ್ಚುಕಮ್ಮಿ ಬಾಟಲಿಯಷ್ಟೇ ಇರುತ್ತೆ. ತಳ ಉಬ್ಬುತಗ್ಗು ಇರೋದ್ರಿಂದ ಕಲ್ಲು ಹಾಕಿ, ಅದು ಮುಳುಗೋವರೆಗೆ ನೀರು ಹೊಯ್ದು ಅಲ್ಲಿ ಸೊನ್ನೆ ಗೆರೆ. ಕತ್ತರಿಸೋ ಕೆಲಸ ದೊಡ್ಡವರೇ ಮಾಡಿ. ತೋಟದಲ್ಲಿ ನೆರಳಿಗೆ ಬೆಳೆಸೋ ಸಿಲ್ವರ್ ಮರದ ಕೆಳಗೆ ಇಡಬೇಡಿ, ಕಣದಂಥ ಬಯಲಲ್ಲಿ ಇಡಿ, ದಿನಾ ಬೆಳಗ್ಗೆ ಎಂಟೂವರೆಗೆ ಕಣ್ಣನ್ನ ನೀರಿನ ಮಟ್ಟಕ್ಕೆ ತಂದು ಓದಿ.

ಮುಂದಿನ ವಾರ 1 ಇಂಚು 5 ಸೆಂಟ್ ಬಿತ್ತು, ಈ ಸಲ ಪಕ್ಕದವರದ್ದೂ ಹತ್ತಿರತ್ತಿರ ಅಷ್ಟೇ. ಡೈರೀಲಿ ಅವಳೇ ಬರೆದ್ಲು. ಒಂಬತ್ತನೇ ದಿನ ಬೆಳಗ್ಗೆ ಅರೇಬಿಕಾ ಕಾಫಿ ಪೂರ್ತಿ ಬೆಳ್ಳಗೆ ಅರಳಿತ್ತು, ಹಲ್ಲುಜ್ಜದೇ ತೋಟಕ್ಕೆ ಓಡಿದವಳು ತಿಂಡಿಗೂ ಬರಲಿಲ್ಲ.